ಗಾಡಿ ಓಡಿದ ದಾರಿಯೂ ಒಂದು ದಾಖಲೆ: ಶಾಸನ ಹುಡುಕಾಟಕ್ಕೆ ಮೊಬೈಲ್ ಜಾಡು

ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟ ನೋಡಿಕೊಂಡು ಊರೂರು ಅಲೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತೆ. ಪುಸ್ತಕದಲ್ಲಿ ಶಾಸನದ ಪಾಠ ಸಿಗುತ್ತೆ, ಕಾಲ ಸಿಗುತ್ತೆ, ರಾಜನ ಹೆಸರು ಸಿಗುತ್ತೆ. ಊರಿಗೆ ಹೋದರೆ ಕಲ್ಲು ಮಾತ್ರ ಸಿಗಲ್ಲ. ಜಾಗದ ವಿವರ ಅಂತ ಅಲ್ಲಿರೋದು ಬಹಳಷ್ಟು ಸಲ ಒಂದೇ ಸಾಲು: ಇಂಥ ಹೋಬಳಿ, ಇಂಥ ಗ್ರಾಮ, ಊರ ಮುಂದೆ ನೆಟ್ಟ ಕಲ್ಲು, ಅಥವಾ ಅದೇ ಗ್ರಾಮದಲ್ಲಿ ಇಂಥವರ ಹೊಲದಲ್ಲಿರುವ ಕಲ್ಲು. ಆ ಹೊಲದ ಯಜಮಾನರು ಹೋಗಿ ನಾಲ್ಕು ತಲೆಮಾರಾಯ್ತು. ಹೊಲ ಭಾಗವಾಗಿ, ಮಾರಾಟವಾಗಿ, ಕೊನೆಗೆ ಸೈಟುಗಳಾಗಿದೆ. ಇನ್ನು "ಊರ ಮುಂದೆ" ಅಂದರೆ ಯಾವ ದಿಕ್ಕು? ಹಳೇ ಗಾಡಿ ದಾರಿ ಬರುತ್ತಿದ್ದ ಕಡೆಯೋ, ಈಗ ಬಸ್ಸು ನಿಲ್ಲುವ ಕಡೆಯೋ?

ಇದು ಆ ಕಾಲದವರ ಕೊರತೆ ಅಂತ ಹೇಳೋಕೆ ಆಗಲ್ಲ. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಶುರುವಾಗಿ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ಬಿ.ಎಲ್. ರೈಸ್ ಅವರ ಮುಂದಾಳತ್ವದಲ್ಲಿ 12 ಸಂಪುಟಗಳು, ಸುಮಾರು 9,000 ಶಾಸನಗಳು ಅಚ್ಚಾದವು. ಅಷ್ಟು ಊರು ಸುತ್ತಿ, ಅಷ್ಟು ಕಲ್ಲು ಓದಿದವರಿಗೆ ಜಾಗ ಹೇಳೋಕೆ ಇದ್ದ ಸಾಧನ ಮಾತು ಒಂದೇ. ನಮ್ಮ ಜೇಬಲ್ಲಿ ಇವತ್ತು ಅದಕ್ಕಿಂತ ಒಳ್ಳೆಯ ಸಾಧನ ಇದೆ. ಆದರೂ ಭಾನುವಾರ ಬೈಕ್ ಹತ್ತಿ ಹೋಗಿ, ಕಲ್ಲಿನ ಪಕ್ಕ ಒಂದು ಫೋಟೋ ತೆಗೆದು, "ಇಂಥ ಊರಿನ ವೀರಗಲ್ಲು" ಅಂತ ಬರೆದು ಹಾಕಿದರೆ, ನಾವು ಕೊಡುತ್ತಿರುವ ವಿವರ 1905ರ ವಿವರಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ.

ಈ ಬರಹ ಆ ಅಂತರವನ್ನು ತುಂಬೋದು ಹೇಗೆ ಅನ್ನೋದರ ಬಗ್ಗೆ. ಮೊಬೈಲಿನಲ್ಲಿ ಬೈಕ್ ಪಯಣದ ಜಾಡನ್ನು ದಾಖಲಿಸಿ, ಅದನ್ನು ಶಾಸನ ಕ್ಷೇತ್ರಕಾರ್ಯಕ್ಕೆ ಒಗ್ಗಿಸೋ ಕ್ರಮವನ್ನು ಹಂತಹಂತವಾಗಿ ನೋಡೋಣ.

ಬಿಂದು ಬೇರೆ, ಜಾಡು ಬೇರೆ

ನಮ್ಮಲ್ಲಿ ಬಹಳ ಜನ ಮಾಡೋದು "ಲೊಕೇಶನ್ ಕಳಿಸೋದು". ಕಲ್ಲಿನ ಹತ್ತಿರ ನಿಂತು ಒಂದು ಪಿನ್ ಹಾಕೋದು. ಇದನ್ನು ಬಿಂದು ಅನ್ನೋಣ. ಜಾಡು ಅಂದರೆ ಇನ್ನೊಂದು. ಮನೆ ಬಿಟ್ಟಾಗಿನಿಂದ ವಾಪಸ್ ಬರೋ ತನಕ ಮೊಬೈಲು ಕೆಲವು ಸೆಕೆಂಡಿಗೊಮ್ಮೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಇವನ್ನು ಬರೆದಿಡುತ್ತಾ ಹೋಗುತ್ತೆ. ಆ ಬಿಂದುಗಳನ್ನು ಸೇರಿಸಿದರೆ ನೀವು ಹೋದ ದಾರಿಯ ಗೆರೆ ಬರುತ್ತೆ. ಇದನ್ನು ಉಳಿಸುವ ಸಾಮಾನ್ಯ ಕಡತದ ಬಗೆಗೆ ಜಿಪಿಎಕ್ಸ್ ಅಂತ ಹೆಸರು. ಅದು ಬರೀ ಅಕ್ಷರ ಕಡತ. ಯಾವುದೇ ಕಂಪನಿಯ ಸ್ವತ್ತಲ್ಲ, ಯಾವ ನಕ್ಷೆ ತಂತ್ರಾಂಶದಲ್ಲಾದರೂ ತೆರೆಯುತ್ತೆ, ಇಪ್ಪತ್ತು ವರ್ಷ ಬಿಟ್ಟು ಬಂದವರಿಗೂ ಓದೋಕೆ ಬರುತ್ತೆ. ಆದ್ದರಿಂದ ಯಾವ ಆ್ಯಪ್ ಬಳಸಿದರೂ ಅದು ಜಿಪಿಎಕ್ಸ್ ಆಗಿ ಹೊರಗೆ ಕೊಡುತ್ತಾ ಅಂತ ಮೊದಲು ನೋಡಿಕೊಳ್ಳಿ.

ಬಿಂದು ಹೇಳೋದು ಕಲ್ಲು ಎಲ್ಲಿದೆ ಅಂತ ಮಾತ್ರ. ಜಾಡು ಇನ್ನೂ ಮೂರು ಮಾತು ಹೇಳುತ್ತೆ: ಅಲ್ಲಿಗೆ ಹೋಗೋ ದಾರಿ ಯಾವುದು, ನೀವು ಎಲ್ಲೆಲ್ಲಿ ಹುಡುಕಿದಿರಿ, ಎಲ್ಲಿಗೆ ಹೋಗಲೇ ಇಲ್ಲ. ಸಂಶೋಧನೆಗೆ ಈ ಕೊನೆಯ ಎರಡು ಬಹಳ ಬೆಲೆಯುಳ್ಳವು. ಅದಕ್ಕೆ ಮುಂದೆ ಬರೋಣ.

ಮೊಬೈಲ್‌ನಲ್ಲಿ ತಾನಾಗಿಯೇ ದಾಖಲಾಗೋ ಗೂಗಲ್ ಟೈಮ್‌ಲೈನ್ ಸಾಕಲ್ಲವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಅದು ಯಾವ ಊರಿಗೆ ಹೋಗಿದ್ದಿರಿ ಅಂತ ನೆನಪಿಸೋಕೆ ಇರೋ ಸೌಲಭ್ಯ, ಹೊಲದ ಬದುವಿನ ಮೇಲೆ ನಡೆದದ್ದನ್ನು ಹಿಡಿಯೋಕೆ ಇರೋದಲ್ಲ. ಓಸ್ಮ್‌ಆ್ಯಂಡ್, ಜಿಯೋ ಟ್ರ್ಯಾಕರ್‌ನಂಥ, ಜಾಡು ದಾಖಲಿಸಲಿಕ್ಕೇ ಇರುವ ಆ್ಯಪ್ ಬೇಕು. ಓಸ್ಮ್‌ಆ್ಯಂಡ್‌ನಲ್ಲಿ ಇನ್ನೊಂದು ಅನುಕೂಲ ಅಂದರೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಸಿಗ್ನಲ್ ಇಲ್ಲದ ಕಡೆಯಲ್ಲೂ ನೋಡಬಹುದು. ಜಿಪಿಎಸ್ ಕೆಲಸ ಮಾಡೋಕೆ ಇಂಟರ್ನೆಟ್ ಬೇಕಿಲ್ಲ. ಬೇಕಾಗೋದು ನಕ್ಷೆಯ ಚಿತ್ರಕ್ಕೆ ಮಾತ್ರ.

ಹೊರಡುವ ಮುಂಚಿನ ಕೆಲಸ

ಒಳ್ಳೆಯ ಸುತ್ತಾಟ ಮನೆಯಲ್ಲೇ ಅರ್ಧ ಮುಗಿದಿರುತ್ತೆ. ಸಂಪುಟ ತೆಗೆದು ಹೋಗಬೇಕಾದ ಊರುಗಳ ಪಟ್ಟಿ ಮಾಡಿ. ಪ್ರತಿ ಶಾಸನಕ್ಕೂ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಬರೆದುಕೊಳ್ಳಿ. ರೈಸ್ ಕಾಲದ ಸಂಖ್ಯೆ ಬೇರೆ, 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳ ಸಂಖ್ಯೆ ಬೇರೆ. ಎರಡೂ ಇದ್ದರೆ ಎರಡನ್ನೂ ಬರೆದುಕೊಳ್ಳಿ.

ಜಿಲ್ಲೆ, ತಾಲ್ಲೂಕಿನ ಗಡಿಗಳನ್ನು ನಂಬಿಕೊಂಡು ಹುಡುಕಬೇಡಿ. ಕೋಲಾರ ಜಿಲ್ಲೆಯ ಸಂಪುಟದಲ್ಲಿರೋ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಊರುಗಳು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿವೆ. ಒಂದೇ ಹೆಸರಿನ ಊರು ಅಕ್ಕಪಕ್ಕದ ಎರಡು ಹೋಬಳಿಯಲ್ಲಿ ಇರೋದೂ ಮಾಮೂಲು. ಬೇಚರಾಕ್ ಗ್ರಾಮಗಳದ್ದು ಇನ್ನೊಂದು ಕಥೆ. ಊರಿಲ್ಲ, ಜನ ಇಲ್ಲ, ಆದರೆ ಕಂದಾಯ ನಕ್ಷೆಯಲ್ಲಿ ಹೆಸರು ಉಳಿದಿರುತ್ತೆ. ಇಂಥ ಕಡೆ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಬಹಳ ಉಪಯೋಗಕ್ಕೆ ಬರುತ್ತೆ. ನೀವು ನಿಂತ ಜಾಗದ ಗ್ರಾಮ ಮತ್ತು ಸರ್ವೆ ನಂಬರನ್ನು ಅದು ತೋರಿಸುತ್ತೆ. ಶಾಸನ ವರದಿಗಳಲ್ಲಿ ಸರ್ವೆ ನಂಬರ್ ಕೊಟ್ಟಿದ್ದರಂತೂ ಅರ್ಧ ದಿನದ ಅಲೆದಾಟ ಉಳಿಯಿತು ಅಂತ ತಿಳಿಯಿರಿ.

ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳನಕ್ಷೆಗಳನ್ನು ಬಳಸೋರಿಗೆ ಒಂದು ಎಚ್ಚರಿಕೆ. ಆ ನಕ್ಷೆಗಳ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಗೋಲಾಭದ ಲೆಕ್ಕದಲ್ಲಿವೆ. ಮೊಬೈಲ್ ಬಳಸೋದು ಡಬ್ಲ್ಯೂಜಿಎಸ್ 84 ಲೆಕ್ಕ. ಎರಡರ ಲೆಕ್ಕದ ಬುನಾದಿಯೇ ಬೇರೆ. ಹಾಗಾಗಿ ಹಳೇ ನಕ್ಷೆಯಿಂದ ಓದಿದ ಅಂಕಿಯನ್ನು ಹಾಗೇ ಮೊಬೈಲಿಗೆ ಹಾಕಿದರೆ ನೂರು ಮೀಟರಿನ ಆಸುಪಾಸು ಆಚೀಚೆ ಆಗುತ್ತೆ. ಕೆರೆ ಏರಿಯ ಈ ಕಡೆ ಇರೋ ಕಲ್ಲನ್ನು ಆ ಕಡೆ ಹುಡುಕಿದ ಹಾಗೆ!

ಊರುಗಳ ಪಟ್ಟಿ ಆದ ಮೇಲೆ ಅವನ್ನು ನಕ್ಷೆಯಲ್ಲಿ ಗುರುತು ಮಾಡಿ, ಒಂದು ದಿನಕ್ಕೆ ಆರೋ ಏಳೋ ಊರಿನ ಸುತ್ತು ಹಾಕಿಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಗಾಡಿ ಓಡಿಸೋದೇ ಕೆಲಸವಾಗಿ, ಕಲ್ಲು ನೋಡೋಕೆ ಹೊತ್ತು ಸಾಲಲ್ಲ.

ಗಾಡಿಯ ಮೇಲೆ

ಜಾಡು ದಾಖಲಿಸೋ ಆ್ಯಪ್‌ಗೆ ಸ್ಥಳದ ಅನುಮತಿ ಪೂರ್ತಿ ಕೊಟ್ಟಿರಬೇಕು. ಅಷ್ಟೇ ಮುಖ್ಯವಾದದ್ದು, ಆಂಡ್ರಾಯ್ಡ್ ಫೋನಿನ ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆ್ಯಪ್ ಮೇಲಿನ ನಿರ್ಬಂಧ ತೆಗೆದಿರಬೇಕು. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನು ಆ್ಯಪನ್ನೇ ಮಲಗಿಸಿಬಿಡುತ್ತೆ. ಸಂಜೆ ನೋಡಿದರೆ ಜಾಡಿನಲ್ಲಿ ನೆಲಮಂಗಲದಿಂದ ಕುಣಿಗಲ್‌ಗೆ ಹಾರಿ ಹೋದ ಹಾಗೆ ಒಂದು ನೇರ ಗೆರೆ ಇರುತ್ತೆ. ಹೊರಡೋ ಹಿಂದಿನ ದಿನ ಮನೆ ಸುತ್ತಮುತ್ತ ಅರ್ಧ ಗಂಟೆ ಪರೀಕ್ಷೆ ಮಾಡಿ ನೋಡೋದು ಒಳ್ಳೇದು.

ಎಷ್ಟು ಸೆಕೆಂಡಿಗೊಮ್ಮೆ ಬಿಂದು ಬರೆಸಬೇಕು? ಲೆಕ್ಕ ಸುಲಭ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತೆ. 5 ಸೆಕೆಂಡಿಗೊಂದು ಬಿಂದು ಅಂದರೆ 55 ಮೀಟರಿಗೊಂದು. ಹಳ್ಳಿ ರಸ್ತೆಯ ತಿರುವುಗಳು ಇದರಲ್ಲಿ ಸಾಕಷ್ಟು ಚೆನ್ನಾಗಿ ಸಿಗುತ್ತವೆ. 30 ಸೆಕೆಂಡಿಗೊಂದು ಅಂತ ಇಟ್ಟರೆ 330 ಮೀಟರಿಗೊಂದು ಬಿಂದು. ಎಡಕ್ಕೆ ಒಳಗೆ ಹೋದ ಕಾಲುದಾರಿ ಯಾವುದು ಅಂತಲೇ ಆಮೇಲೆ ಗೊತ್ತಾಗಲ್ಲ. 5 ಸೆಕೆಂಡಿನ ಲೆಕ್ಕದಲ್ಲಿ 8 ಗಂಟೆಗೆ 5,760 ಬಿಂದುಗಳಾಗುತ್ತವೆ. ಕಡತ ಒಂದು ಒಳ್ಳೆಯ ಫೋಟೋಗಿಂತ ಚಿಕ್ಕದಾಗೇ ಇರುತ್ತೆ, ಜಾಗದ ಚಿಂತೆ ಬೇಡ.

ಬ್ಯಾಟರಿಯನ್ನು ನಿಜವಾಗಿ ತಿನ್ನೋದು ಬೆಳಗುತ್ತಿರೋ ಪರದೆ. ದಾರಿ ನೋಡೋಕೆ ಬೇಕಾದಾಗ ಮಾತ್ರ ನಿಲ್ಲಿಸಿ ನೋಡಿ, ಉಳಿದಂತೆ ಪರದೆ ಆರಿಸಿ ಜಾಡು ಮಾತ್ರ ಓಡಲಿ. ಒಂದು ಪವರ್ ಬ್ಯಾಂಕ್ ಬ್ಯಾಗಿನಲ್ಲಿರಲಿ. ಫೋನನ್ನು ಹ್ಯಾಂಡಲ್ ಬಾರಿಗೆ ಬಿಗಿದು ಇಡೀ ದಿನ ಓಡಿಸೋದು ಅಷ್ಟು ಕ್ಷೇಮವಲ್ಲ. ದೊಡ್ಡ ಎಂಜಿನ್ನಿನ ಬೈಕುಗಳ ನಡುಕ ಫೋನಿನ ಕ್ಯಾಮೆರಾದ ಸ್ಥಿರತೆ ಕಾಪಾಡುವ ಭಾಗವನ್ನು ಕೆಡಿಸಬಹುದು ಅಂತ ಆಪಲ್ ಸಂಸ್ಥೆಯೇ 2021ರಲ್ಲಿ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿದೆ. ಅಕ್ಷರ ಸವೆದ ಕಲ್ಲಿನ ಫೋಟೋ ತೆಗೆಯೋಕೆ ಹೋಗೋರಿಗೆ ಕ್ಯಾಮೆರಾ ಕೆಟ್ಟರೆ ಏನು ಉಳೀತು? ಅಂಗಿಯ ಎದೆ ಜೇಬು, ಇಲ್ಲಾ ಟ್ಯಾಂಕ್ ಬ್ಯಾಗಿನ ಮೇಲ್ಭಾಗ ಸಾಕು. ಉಪಗ್ರಹದ ಸಂಕೇತಕ್ಕೆ ಬಟ್ಟೆ ಅಡ್ಡಿಯಾಗಲ್ಲ.

ಗಾಡಿ ನಿಲ್ಲಿಸಿ ಒಳಗೆ ನಡೆಯೋಕೆ ಶುರು ಮಾಡಿದಾಗ ದಾಖಲೆ ನಿಲ್ಲಿಸಬೇಡಿ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಬೈಕ್ ಪಯಣ ಮುಗೀತು ಅಂತ ಜಾಡು ನಿಲ್ಲಿಸಿ, ಆಮೇಲೆ ಎರಡು ಫರ್ಲಾಂಗು ತೋಟದೊಳಗೆ ನಡೆದು ಕಲ್ಲು ನೋಡುತ್ತಾರೆ. ಮುಂದೆ ಬರೋನಿಗೆ ಬೇಕಾಗಿರೋದು ಆ ಎರಡು ಫರ್ಲಾಂಗೇ. ಟಾರು ರಸ್ತೆಯನ್ನು ಯಾರು ಬೇಕಾದರೂ ಹುಡುಕಿಕೊಳ್ಳುತ್ತಾರೆ.

ಕಲ್ಲಿನ ಹತ್ತಿರ

ಬಯಲಿನಲ್ಲಿ, ಮೇಲೆ ಆಕಾಶ ತೆರೆದಿರುವಾಗ, ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಜಾಗ ತೋರಿಸುತ್ತೆ. ಮರದ ಕೆಳಗೆ, ಗೋಡೆ ಪಕ್ಕ, ದೇವಸ್ಥಾನದ ಮಂಟಪದೊಳಗೆ ಇದು ಬಹಳ ಕೆಡುತ್ತೆ. ಹಾಗಾಗಿ ಕಲ್ಲಿನ ಹತ್ತಿರ ಹೋದ ತಕ್ಷಣ ಬಿಂದು ಹಾಕಬೇಡಿ. ಒಂದೆರಡು ನಿಮಿಷ ಸುಮ್ಮನೆ ನಿಂತು, ಆ್ಯಪ್ ತೋರಿಸೋ ನಿಖರತೆಯ ಅಂಕಿ ಇಳಿದು ಒಂದು ಕಡೆ ನಿಂತ ಮೇಲೆ ಉಳಿಸಿ. ಆ ಅಂಕಿಯನ್ನೂ ಬರೆದುಕೊಳ್ಳಿ. "ನಿಖರತೆ 4 ಮೀ" ಅಂತ ಇರೋ ಬಿಂದುವಿಗೂ "ನಿಖರತೆ 35 ಮೀ" ಅಂತ ಇರೋ ಬಿಂದುವಿಗೂ ನಂಬಿಕೆಯಲ್ಲಿ ಎಷ್ಟೋ ವ್ಯತ್ಯಾಸ.

ಕಲ್ಲು ಮಂಟಪದೊಳಗಿದ್ದರೆ ಒಂದು ಹಳೇ ಉಪಾಯ ಇದೆ. ಹೊರಗೆ ಬಾಗಿಲ ಮುಂದೆ ಬಿಂದು ಹಾಕಿ, ಅಲ್ಲಿಂದ ಹೆಜ್ಜೆ ಎಣಿಸಿ: "ನವರಂಗದ ಬಾಗಿಲಿನಿಂದ ಒಳಗೆ 12 ಹೆಜ್ಜೆ, ಬಲಗಡೆ ಎರಡನೇ ಕಂಬ, ಪಶ್ಚಿಮ ಮುಖ". ದಿಕ್ಕು ನೋಡುವಾಗ ಗಾಡಿಯಿಂದ ದೂರ ನಿಲ್ಲಿ. ಲೋಹ ಮತ್ತು ಫೋನ್ ಕವರಿನ ಅಯಸ್ಕಾಂತ ಎರಡೂ ಫೋನಿನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ಶ್ರವಣಬೆಳಗೊಳದಂಥ ಕಡೆ ಇದು ಇನ್ನೂ ಮುಖ್ಯ. ಬೆಟ್ಟಗಳು, ಬಸದಿಗಳು, ಊರು ಎಲ್ಲಾ ಸೇರಿ ಅಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ಒಂದರ ಪಕ್ಕ ಒಂದು ಬರಹ ಇರುವಾಗ 5 ಮೀಟರಿನ ನಿಖರತೆ ಯಾವ ಮೂಲೆಗೂ ಸಾಲದು. ಅಲ್ಲಿ ಬಿಂದುವಿನ ಜೊತೆಗೆ ಕೈಯಲ್ಲಿ ಬರೆದ ಒಂದು ಚಿಕ್ಕ ಚಿತ್ರ ಬೇಕೇ ಬೇಕು.

ದಶಾಂಶದ ಬಗ್ಗೆ ಒಂದು ಮಾತು. ಬೇಗೂರು ಸುಮಾರು 12.88 ಉತ್ತರ, 77.63 ಪೂರ್ವದಲ್ಲಿದೆ ಅಂತ ಬರೆದರೆ ಅದು ಊರನ್ನು ಹೇಳಿದ ಹಾಗಾಯಿತು, ಅಷ್ಟೇ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಎರಡು ದಶಾಂಶ ಅಂದರೆ ಒಂದು ಕಿಲೋಮೀಟರಿನ ಹತ್ತಿರ. ಐದು ದಶಾಂಶ ಇದ್ದರೆ ಒಂದು ಮೀಟರಿಗೆ ಬರುತ್ತೆ. ಶಾಸನಕ್ಕೆ ಐದು ದಶಾಂಶ ಇರಲಿ. ಅದಕ್ಕಿಂತ ಹೆಚ್ಚು ಬರೆದರೆ ಇಲ್ಲದ ನಿಖರತೆಯನ್ನು ಇದೆ ಅಂತ ತೋರಿಸಿದಂತೆ.

ಎತ್ತರದ ಅಂಕಿಯನ್ನು ಮಾತ್ರ ಹಾಗೇ ನಂಬಬೇಡಿ. ಆಂಡ್ರಾಯ್ಡ್ ಫೋನಿನ ಜಿಪಿಎಸ್ ಕೊಡೋದು ಗಣಿತದ ಗೋಲಾಭದಿಂದ ಅಳೆದ ಎತ್ತರ. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅದು ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕಿಂತ ಸುಮಾರು 80ರಿಂದ 90 ಮೀಟರ್ ಕಡಿಮೆ ಬರುತ್ತೆ. ಕೆಲವು ಆ್ಯಪ್‌ಗಳು ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಇಲ್ಲ.

ಇನ್ನು ಬಿಂದುವಿನ ಜೊತೆ ಬರೆಯಬೇಕಾದ ಮುಖ್ಯ ಮಾತು: ಇದು ಕಲ್ಲಿನ ಮೂಲ ಜಾಗವೋ, ಈಗಿನ ಜಾಗವೋ? ಹಲ್ಮಿಡಿಯನ್ನೇ ತಗೊಳ್ಳಿ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಆ ಊರಿಗೆ ಹೋದರೆ ನಿಮಗೆ ಕಾಣೋದು ಪ್ರತಿಕೃತಿ. ಮೂಲ ಕಲ್ಲು ಮೈಸೂರಿನಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ, ಕಾಳಿ ಎಂಬ ನಾಯಿಯ ನೆನಪಿನ ಹತ್ತನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ಪ್ರಸಿದ್ಧ ಯುದ್ಧದ ವೀರಗಲ್ಲೂ ಅಲ್ಲೇ ಇದೆ. ಆದರೆ ಬೆಂಗಳೂರಿನ ಹೆಸರು ಬರೋ, ಸುಮಾರು ಕ್ರಿ.ಶ. 890ರ ಶಾಸನ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲೇ ಉಳಿದಿದೆ. ಒಂದೇ ಊರಿನ ಎರಡು ಕಲ್ಲಿಗೆ ಎರಡು ಗತಿ. ಊರೊಳಗೂ ಹೀಗೇ. ಹೊಲದಲ್ಲಿ ಬಿದ್ದಿದ್ದ ಕಲ್ಲನ್ನು ಯಾರೋ ಪುಣ್ಯಾತ್ಮರು ತಂದು ಅರಳಿಕಟ್ಟೆ ಮೇಲೆ ನಿಲ್ಲಿಸಿರುತ್ತಾರೆ. ಕಟ್ಟೆಯ ಬಿಂದು ಹಾಕಿ ಸುಮ್ಮನಾದರೆ ಮುಂದಿನವರು ಕಟ್ಟೆಯನ್ನೇ ಮೂಲ ಜಾಗ ಅಂದುಕೊಳ್ಳುತ್ತಾರೆ. ಹಾಗಾಗಿ ಊರವರನ್ನು ಕೇಳಿ:

"ಯಜಮಾನ್ರೇ, ಈ ಅಕ್ಷರ ಇರೋ ಕಲ್ಲು ಮೊದಲಿಂದ್ಲೂ ಇಲ್ಲೇ ಇತ್ತಾ?"

"ಇಲ್ಲ ಕಣಪ್ಪ, ಕೆರೆ ಕೋಡಿ ಹತ್ರ ಇತ್ತು. ರಸ್ತೆ ಮಾಡ್ವಾಗ ಜೆಸಿಬಿಯವ್ರು ತಂದು ಇಲ್ಲಾಕಿದ್ರು."

ಇಂಥ ಒಂದು ಉತ್ತರ ಸಿಕ್ಕರೆ ಕೋಡಿ ಹತ್ತಿರಕ್ಕೂ ಹೋಗಿ, ಅಲ್ಲೂ ಒಂದು ಬಿಂದು ಹಾಕಿ. "ಮೂಲ ಜಾಗ, ಊರವರ ಹೇಳಿಕೆ ಪ್ರಕಾರ" ಅಂತ ಟಿಪ್ಪಣಿ ಬರೆಯಿರಿ. ಇಪ್ಪತ್ತು ವರ್ಷ ಬಿಟ್ಟು ಕೇಳಿದರೆ ಈ ಉತ್ತರ ಹೇಳೋರು ಊರಲ್ಲಿ ಇರುತ್ತಾರೆ ಅನ್ನೋ ಭರವಸೆ ಇಲ್ಲ.

ಸಿಗದ ಕಲ್ಲನ್ನೂ ಬರೆಯಿರಿ

ಜಾಡಿನ ನಿಜವಾದ ಬೆಲೆ ಗೊತ್ತಾಗೋದು ಇಲ್ಲೇ. ಪುಸ್ತಕ ಹಿಡಿದು ಹತ್ತು ಶಾಸನ ಹುಡುಕಿದರೆ ಹತ್ತೂ ಸಿಗಲ್ಲ. ಸಿಕ್ಕಿದ್ದರ ಫೋಟೋ ಹಾಕುತ್ತೇವೆ, ಸಿಗದೇ ಇದ್ದದ್ದರ ಬಗ್ಗೆ ಯಾರಿಗೂ ಹೇಳಲ್ಲ. ಮುಂದಿನ ತಿಂಗಳು ಇನ್ನೊಬ್ಬರು ಅದೇ ಊರಿಗೆ, ಅದೇ ಕಲ್ಲಿಗೆ, ಅದೇ ಮೂರು ಹೊಲ ಸುತ್ತಿ ವಾಪಸ್ ಬರುತ್ತಾರೆ. ಅವರೂ ಸುಮ್ಮನಿರುತ್ತಾರೆ. ಹೀಗೆ ಹತ್ತು ಜನರ ಪೆಟ್ರೋಲು, ಹೊತ್ತು ಎರಡೂ ಒಂದೇ ಹೊಲದಲ್ಲಿ ಖರ್ಚಾಗುತ್ತೆ. ಪಕ್ಕದ ಹೊಲಕ್ಕೆ ಯಾರೂ ಕಾಲಿಡೋದೇ ಇಲ್ಲ.

ಜಾಡು ಇದ್ದರೆ "ಹುಡುಕಿದೆ, ಸಿಗಲಿಲ್ಲ" ಅನ್ನೋ ಮಾತಿಗೆ ಆಧಾರ ಬರುತ್ತೆ. ಕೆರೆಯ ಮೂಡಣ ಏರಿಯನ್ನು ಪೂರ್ತಿ ನಡೆದಿದ್ದೀರಿ, ತೂಬಿನ ಕೆಳಗಿನ ಗದ್ದೆ ನೋಡಿದ್ದೀರಿ, ಬೇಲಿ ಹಾಕಿದ್ದರಿಂದ ಪಡುವಣ ಕಡೆಗೆ ಹೋಗಿಲ್ಲ ಅನ್ನೋದನ್ನು ಗೆರೆಯೇ ತೋರಿಸುತ್ತೆ. ಮುಂದಿನವರು ಪಡುವಣದಿಂದ ಶುರು ಮಾಡಬಹುದು.

ಸಿಗದೇ ಇದ್ದದ್ದನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇವು ಬೇರೆ ಬೇರೆ:

- ಹೇಳಿದ ಜಾಗ ಗುರುತಿಸಲಾಯಿತು, ಅಲ್ಲಿ ಕಲ್ಲಿಲ್ಲ.
- ಜಾಗ ಯಾವುದು ಅಂತಲೇ ಗುರುತಾಗಲಿಲ್ಲ.
- ಜಾಗ ಗೊತ್ತಾಯಿತು, ಒಳಗೆ ಹೋಗಲು ಆಗಲಿಲ್ಲ.
- ಕಲ್ಲು ಇತ್ತು, ಈಗಿಲ್ಲ ಅಂತ ಊರವರು ಹೇಳಿದರು. ಯಾವಾಗ ಹೋಯಿತು ಅಂತಲೂ ಬರೆಯಿರಿ.
- ತುಂಡು ಸಿಕ್ಕಿತು, ಅದೇ ಕಲ್ಲು ಅಂತ ಖಚಿತವಿಲ್ಲ.

ಈ ಐದರಲ್ಲಿ ಒಂದನ್ನು ದಿನಾಂಕದ ಸಮೇತ ಹಾಕಿದರೆ ಅದು ಸಂಪುಟದ ಆ ಶಾಸನಕ್ಕೆ ನೂರು ವರ್ಷದ ನಂತರ ಸೇರಿದ ಹೊಸ ಮಾಹಿತಿ. ಕಳೆದುಹೋದ ಶಾಸನಗಳ ಪಟ್ಟಿ ಮಾಡೋದು ಹೀಗೇ. ಬೇರೆ ದಾರಿ ಇಲ್ಲ.

ಮನೆಗೆ ಬಂದ ಮೇಲೆ

ಅವತ್ತೇ ರಾತ್ರಿ ಜಾಡನ್ನು ಫೋನಿನಿಂದ ಹೊರಗೆ ತೆಗೆಯಿರಿ. ಕಡತಕ್ಕೆ ದಿನಾಂಕ, ತಾಲ್ಲೂಕು, ಮುಖ್ಯ ಊರುಗಳ ಹೆಸರು ಇರಲಿ. "ಟ್ರ್ಯಾಕ್ 17" ಅಂತ ಇದ್ದರೆ ಮುಂದಿನ ವರ್ಷ ನಿಮಗೇ ಗೊತ್ತಾಗಲ್ಲ.

ಫೋಟೋಗಳನ್ನು ಜಾಡಿನ ಜೊತೆ ಹೊಂದಿಸೋದು ಸಮಯದ ಆಧಾರದ ಮೇಲೆ. 11:42ಕ್ಕೆ ತೆಗೆದ ಫೋಟೋ, 11:42ಕ್ಕೆ ಜಾಡಿನಲ್ಲಿ ನೀವಿದ್ದ ಜಾಗಕ್ಕೆ ಕೂರುತ್ತೆ. ಪ್ರತ್ಯೇಕ ಕ್ಯಾಮೆರಾ ಬಳಸೋರು ಹೊರಡುವಾಗಲೇ ಅದರ ಗಡಿಯಾರವನ್ನು ಫೋನಿನ ಗಡಿಯಾರಕ್ಕೆ ಸರಿ ಮಾಡಿಕೊಳ್ಳಬೇಕು. ಇನ್ನೊಂದು ವಿಷಯ: ಜಿಪಿಎಕ್ಸ್ ಕಡತದಲ್ಲಿ ಸಮಯ ಇರೋದು ಜಾಗತಿಕ ಪ್ರಮಾಣ ಸಮಯದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ತಂತ್ರಾಂಶಕ್ಕೆ ಈ ವ್ಯತ್ಯಾಸ ಹೇಳದಿದ್ದರೆ ಮಧ್ಯಾಹ್ನ ತೆಗೆದ ಫೋಟೋ ಬೇರೆ ಊರಿನಲ್ಲಿ ಕೂತಿರುತ್ತೆ, ಇಲ್ಲವೇ ಎಲ್ಲೂ ಕೂರಲ್ಲ.

ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲು ಚಿತ್ರವಾಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಹೋಗಿಬಿಡುತ್ತೆ, ಚಿತ್ರವೂ ಕುಗ್ಗುತ್ತೆ. ಓದೋಕೆ ಕೊಡಬೇಕಾದ ಶಾಸನದ ಫೋಟೋವನ್ನು "ಡಾಕ್ಯುಮೆಂಟ್" ಆಗಿ ಕಳಿಸಿ. ಒಂದು ಅಕ್ಷರ ರಕಾರವೋ, ಅಲ್ಲವೋ ಅನ್ನೋ ಅನುಮಾನ ಬಗೆಹರಿಯೋದು ಮೂಲ ಗಾತ್ರದ ಚಿತ್ರದಲ್ಲೇ.

ನಕ್ಷೆ ಮಾಡೋಕೆ ಮೊದಲಿಗೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಜಿಪಿಎಕ್ಸ್ ಕಡತ ಏರಿಸಿದರೆ ಗೆರೆ, ಬಿಂದು ಎರಡೂ ಬರುತ್ತವೆ. ಕೆಲಸ ಹೆಚ್ಚಾದ ಮೇಲೆ ಉಚಿತವಾಗಿ ಸಿಗೋ ಕ್ಯೂಜಿಐಎಸ್ ಕಲಿಯೋದು ವಾಸಿ. ಅದರಲ್ಲಿ ಕೆರೆ, ಹಳ್ಳ, ಹಳೇ ನಕ್ಷೆ, ಶತಮಾನ, ರಾಜವಂಶ ಅಂತ ಪದರ ಪದರವಾಗಿ ಇಟ್ಟು ನೋಡಬಹುದು. ಪ್ರತಿ ಬಿಂದುವಿಗೂ ಕನಿಷ್ಠ ಇಷ್ಟು ಇರಲಿ: ಸಂಪುಟ ಮತ್ತು ಸಂಖ್ಯೆ, ಊರು, ಮೂಲ ಜಾಗವೋ ಈಗಿನದೋ, ನಿಖರತೆ, ನೋಡಿದ ದಿನ, ಕಲ್ಲಿನ ಸ್ಥಿತಿ, ಸರ್ವೆ ನಂಬರ್.

ನಕ್ಷೆ ಏನು ಹೇಳುತ್ತೆ?

ಹತ್ತಾರು ಸುತ್ತಾಟದ ಜಾಡುಗಳು ಒಂದೇ ನಕ್ಷೆಯ ಮೇಲೆ ಸೇರಿದಾಗ ಶಾಸನ ಓದೋ ರೀತಿಯೇ ಬದಲಾಗುತ್ತೆ. ದಾನ ಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳೋ ಭಾಗ ನೆನಪಿಸಿಕೊಳ್ಳಿ. ಮೂಡಲು ಇಂಥ ಕೆರೆ, ತೆಂಕಲು ಇಂಥ ಹಳ್ಳ, ಪಡುವಲು ನೆಟ್ಟ ಕಲ್ಲು, ಬಡಗಲು ಇಂಥ ಊರ ದಾರಿ. ಓದುವಾಗ ನಾವು ಹಾರಿಸಿಬಿಡೋದು ಈ ಭಾಗವನ್ನೇ. ಆದರೆ ನಿಜಕ್ಕೂ ಅದು ಅಂದಿನವರು ನಡೆದು ಗುರುತಿಸಿದ ಒಂದು ಜಾಡು. ಅವರು ಕಲ್ಲಿನಲ್ಲಿ ಕೊರೆಸಿದರು, ನಾವು ಫೋನಿನಲ್ಲಿ ಉಳಿಸುತ್ತೇವೆ. ಶಾಸನದ ಪ್ರತಿ ಕೈಯಲ್ಲಿ ಹಿಡಿದು ಆ ಎಲ್ಲೆಯನ್ನು ನಡೆಯೋಕೆ ಪ್ರಯತ್ನಿಸಿ. ಎಷ್ಟೋ ಕಡೆ ಕೆರೆಯ ಹೆಸರು ಇನ್ನೂ ಉಳಿದಿರುತ್ತೆ, ಲಿಂಗಮುದ್ರೆ ಇಲ್ಲವೇ ವಾಮನ ಮುದ್ರೆಯ ಗಡಿಕಲ್ಲು ಬದುವಿನಲ್ಲಿ ನಿಂತಿರುತ್ತೆ.

ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಊರಿನ ಯಾವ ಕಡೆ ಇವೆ, ಕೆರೆ ಕಟ್ಟಿಸಿದ ಶಾಸನ ತೂಬಿಗೆ ಎಷ್ಟು ಹತ್ತಿರ ಇದೆ, ಒಂದೇ ಮನೆತನದ ಹೆಸರು ಬರೋ ಶಾಸನಗಳು ಯಾವ ಹಳ್ಳದ ಉದ್ದಕ್ಕೂ ಹಬ್ಬಿವೆ, ಇಂಥ ಪ್ರಶ್ನೆಗಳನ್ನು ಪುಸ್ತಕದ ಪುಟದಲ್ಲಿ ಕೇಳೋಕೇ ಆಗಲ್ಲ. ನಕ್ಷೆಯ ಮೇಲೆ ಕೇಳಬಹುದು. ಆದರೆ ಇಲ್ಲೂ ಜಾಡು ಬೇಕು. ನಕ್ಷೆಯಲ್ಲಿ ಒಂದು ಪ್ರದೇಶ ಖಾಲಿ ಕಂಡರೆ ಅಲ್ಲಿ ಶಾಸನವೇ ಇಲ್ಲವೋ, ಯಾರೂ ಹೋಗಿಯೇ ಇಲ್ಲವೋ? ಬಿಂದುಗಳು ಇದಕ್ಕೆ ಉತ್ತರ ಹೇಳಲ್ಲ. ಜಾಡಿನ ಗೆರೆಗಳು ಹೇಳುತ್ತವೆ. ಬಹಳ ಸಲ ಖಾಲಿ ಕಾಣೋದು ಒಳ್ಳೆ ರಸ್ತೆ ಇಲ್ಲದ ಕಡೆ.

ಬೆಂಗಳೂರಿನ ಮಟ್ಟಿಗೆ ಈ ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯನ್ನು ಕೈಗೆತ್ತಿಕೊಂಡಿದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಅಷ್ಟು ಹಳೆಯ ಕಲ್ಲು ಅಷ್ಟು ದೊಡ್ಡ ನಗರದ ಮಧ್ಯೆ ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದೆ ಇತ್ತು ಅಂದರೆ, ಉಳಿದ ತಾಲ್ಲೂಕುಗಳಲ್ಲಿ ನೋಡದೇ ಇರೋ ಜಾಗ ಎಷ್ಟಿರಬೇಡ! ಅಲ್ಲೆಲ್ಲಾ ಭಾನುವಾರದ ಬೈಕ್ ಸವಾರರೇ ಸರ್ವೇಕ್ಷಕರು.

ಹಂಚುವಾಗ ಕೈ ಹಿಡಿದು ಹಂಚಿ

ನಿಖರವಾದ ಬಿಂದು ಒಳ್ಳೆಯವರಿಗೂ ದಾರಿ ತೋರಿಸುತ್ತೆ, ನಿಧಿಗಳ್ಳರಿಗೂ ತೋರಿಸುತ್ತೆ. ಕಲ್ಲಿನ ಕೆಳಗೆ ಹೊನ್ನು ಇದೆ ಅನ್ನೋ ನಂಬಿಕೆ ನಮ್ಮ ಹಳ್ಳಿಗಾಡಿನಲ್ಲಿ ಇನ್ನೂ ಹೋಗಿಲ್ಲ. ಅಮಾವಾಸ್ಯೆ ರಾತ್ರಿ ಅಗೆದು ಕೆಡವಿದ ವೀರಗಲ್ಲು, ಬಿರುಕು ಬಿಟ್ಟ ಶಾಸನಗಳನ್ನು ಸುತ್ತಾಡೋರೆಲ್ಲಾ ಕಂಡಿದ್ದೇವೆ. ಆದ್ದರಿಂದ ಎರಡು ನಕ್ಷೆ ಇಟ್ಟುಕೊಳ್ಳಿ. ಊರ ಮಧ್ಯೆ, ದೇವಸ್ಥಾನದ ಆವರಣದಲ್ಲಿ, ಸಂಗ್ರಹಾಲಯದಲ್ಲಿ ಇರೋ ಕಲ್ಲಿನ ಬಿಂದುವನ್ನು ಎಲ್ಲರಿಗೂ ತೋರಿಸಿ. ಜನ ನೋಡಿದಷ್ಟೂ ಅವಕ್ಕೆ ಕ್ಷೇಮ. ಒಂಟಿ ಹೊಲ, ಕಾಡಂಚು, ಬೇಚರಾಕ್ ಗ್ರಾಮದ ಕಲ್ಲುಗಳಿಗೆ ಸಾರ್ವಜನಿಕ ನಕ್ಷೆಯಲ್ಲಿ ಎರಡು ದಶಾಂಶದ ಊರಿನ ಬಿಂದು ಮಾತ್ರ ಇರಲಿ. ಐದು ದಶಾಂಶದ ಬಿಂದು ಪುರಾತತ್ವ ಇಲಾಖೆಗೆ, ನೀವು ನಂಬುವ ಸಂಶೋಧಕರಿಗೆ ಹೋಗಲಿ.

ಜಾಡು ಹಂಚುವ ಮುಂಚೆ ಅದರ ಮೊದಲ ಮತ್ತು ಕೊನೆಯ ಭಾಗ ಕತ್ತರಿಸಿ. ಇಲ್ಲದಿದ್ದರೆ ನಿಮ್ಮ ಮನೆ ಬಾಗಿಲಿನ ವಿಳಾಸವನ್ನೂ, ನೀವು ಮನೆಯಲ್ಲಿಲ್ಲದ ಹೊತ್ತನ್ನೂ ಊರಿಗೆಲ್ಲ ಹೇಳಿದ ಹಾಗೆ. ಕಲ್ಲು ಯಾರ ಹೊಲದಲ್ಲಿದೆಯೋ ಅವರ ಹೆಸರು, ಫೋನ್ ನಂಬರ್ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ, ನಕ್ಷೆಯಲ್ಲಿ ಬೇಡ. ಬೆಳೆ ಇರುವಾಗ ಹೊಲಕ್ಕೆ ಇಳಿಯೋಕೆ ಮುಂಚೆ ಒಂದು ಮಾತು ಕೇಳಿ. ಕಲ್ಲು ಏನು ಹೇಳುತ್ತೆ ಅಂತ ಅವರಿಗೆ ಓದಿ ಹೇಳಿ. ತಮ್ಮ ಹೊಲದ ಕಲ್ಲಿನಲ್ಲಿ ತಮ್ಮ ಊರಿನ ಸಾವಿರ ವರ್ಷದ ಹಿಂದಿನ ಹೆಸರಿದೆ ಅಂತ ತಿಳಿದ ರೈತರು, ಮುಂದೆ ಜೆಸಿಬಿ ಬಂದಾಗ ಅದನ್ನು ಪಕ್ಕಕ್ಕೆ ಇಡಿಸುತ್ತಾರೆ.

ಮುಂದಿನ ಸಲ ಗಾಡಿ ತೆಗೆಯುವ ಮುನ್ನ ಒಂದು ಹೋಬಳಿಯನ್ನು ಆರಿಸಿಕೊಳ್ಳಿ. ಆ ಹೋಬಳಿಯ ಶಾಸನಗಳ ಪಟ್ಟಿ ಮಾಡಿ, ಜಾಡು ದಾಖಲಿಸಿಕೊಂಡು ಹೋಗಿ, ಸಿಕ್ಕಿದ್ದು ಸಿಗದಿದ್ದು ಎರಡನ್ನೂ ಬರೆಯಿರಿ. ಒಂದು ಹೋಬಳಿ ಪೂರ್ತಿಯಾಗಲು ನಾಲ್ಕೈದು ಭಾನುವಾರ ಹಿಡಿಯಬಹುದು. ಮುಗಿದಾಗ ನಿಮ್ಮ ಹತ್ತಿರ ಇರೋದು ಸಂಪುಟದ ಆ ಪುಟಗಳ ಇವತ್ತಿನ ಪರಿಸ್ಥಿತಿ.